ಬೀಟೆ ಮರ ಗಿಟಾರ್ ಸೇರಿದ ಕಥೆ

ಪೂಜಾ ರಜೆ ಮುಗಿದು ಶಾಲೆ ತೆರೆದ ದಿನ ಏಳನೇ ತರಗತಿಯ ಹುಡುಗನೊಬ್ಬ ನನ್ನ ಮೇಜಿನ ಹತ್ತಿರ ಬಂದು ನಿಂತ. "ಸರ್, ನಮ್ಮ ತೋಟದ ಬೀಟೆ ಮರವನ್ನು ನಾವು ಕಡಿಯಬಾರದಂತೆ, ಅದು ಸರ್ಕಾರದ್ದಂತೆ. ಹಾಗಾದ್ರೆ ಅಣ್ಣನ ಅಮೇರಿಕದ ಗಿಟಾರಿಗೆ ಬೀಟೆ ಹೇಗೆ ಹೋಯ್ತು?" ಎಂದು ಕೇಳಿದ.

ವಿಷಯ ಏನೆಂದರೆ, ಅವನ ಅಣ್ಣ ಗಲ್ಫಿನಲ್ಲಿ ಕೆಲಸಕ್ಕಿದ್ದವನು, ಅಲ್ಲಿಯೇ ಯಾರಿಂದಲೋ ಕೊಂಡ ಒಂದು ಎಲೆಕ್ಟ್ರಿಕ್ ಗಿಟಾರನ್ನು ಊರಿಗೆ ತಂದಿದ್ದ. ಅಜ್ಜ ಹಳೆಯ ಕಾಲದ ಆಚಾರಿ, ಮರದ ಕೆಲಸದಲ್ಲೇ ಕೈ ಸವೆಸಿದವರು. ತಂತಿಗಳ ಕೆಳಗಿನ ಕಪ್ಪು ಹಲಗೆಯ ಮೇಲೆ ಬೆರಳಾಡಿಸಿ, "ಇದು ಬೀಟೆ" ಎಂದುಬಿಟ್ಟರಂತೆ. ಅಣ್ಣ ನಂಬಲಿಲ್ಲ. ಮನೆಯಲ್ಲಿ ಎರಡು ದಿನ ಚರ್ಚೆ ನಡೆದು, ಕೊನೆಗೆ ಪ್ರಶ್ನೆ ನನ್ನ ಮೇಜಿಗೆ ಬಂತು.

ನಾನು ಸಮಾಜ ಪಾಠ ಮಾಡುವವನು. ಗಿಟಾರ್ ನುಡಿಸಲು ಬಾರದು. ಆದರೂ ಮಗುವಿನ ಪ್ರಶ್ನೆಗೆ "ಗೊತ್ತಿಲ್ಲ, ಕೂತ್ಕೋ" ಎನ್ನಲು ಮನಸ್ಸು ಬರಲಿಲ್ಲ. ಓದಿದೆ, ಬಲ್ಲವರನ್ನು ಕೇಳಿದೆ, ಆ ಗಿಟಾರನ್ನೂ ಹೋಗಿ ನೋಡಿ ಬಂದೆ. ಪ್ರಶ್ನೆ ಒಂದು ಸಾಲಿನದ್ದು. ಉತ್ತರ ಮಾತ್ರ ಹವಾಯಿ ದ್ವೀಪದಿಂದ ಹೊರಟು ವಯನಾಡಿನವರೆಗೆ ಬರುತ್ತದೆ. ಮಕ್ಕಳಿಗೂ ದೊಡ್ಡವರಿಗೂ ಉಪಯೋಗವಾದೀತು ಎಂದು ಇಲ್ಲಿ ಬರೆದಿಡುತ್ತಿದ್ದೇನೆ.

ಸದ್ದು ಸಾಲದ ವಾದ್ಯ

ಗಿಟಾರ್ ಮೂಲತಃ ಸ್ಪೇನಿನ ಕಡೆಯ ವಾದ್ಯ. ಟೊಳ್ಳು ಹೊಟ್ಟೆ, ತೆಳು ಹಲಗೆ, ತಂತಿ. ಮನೆಯ ಜಗಲಿಯಲ್ಲಿ ಕೂತು ನುಡಿಸಿದರೆ ಚೆನ್ನ. ನೂರು ಜನ ಕುಣಿಯುವ ಸಭೆಯಲ್ಲಿ, ಪಕ್ಕದಲ್ಲಿ ತುತ್ತೂರಿ ಡೋಲುಗಳು ಮೊಳಗುವಾಗ ಅದರ ದನಿ ಯಾರಿಗೂ ಕೇಳಿಸದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೇರಿಕದ ಗಿಟಾರ್ ವಾದಕರ ದೊಡ್ಡ ಕಷ್ಟ ಇದೇ ಆಗಿತ್ತು.

ಪರಿಹಾರದ ದಾರಿ ತೆರೆದದ್ದು ಹವಾಯಿ ದ್ವೀಪಗಳ ಸಂಗೀತ. ಅಲ್ಲಿಗೆ ಗಿಟಾರ್ ಬಂದದ್ದು 19ನೇ ಶತಮಾನದಲ್ಲಿ, ದನ ಕಾಯಲು ಬಂದ ಮೆಕ್ಸಿಕೋದವರ ಜೊತೆಗೆ. ಆ ಶತಮಾನದ ಕೊನೆಯ ಹೊತ್ತಿಗೆ ಜೋಸೆಫ್ ಕೆಕುಕು ಎಂಬ ಹುಡುಗ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಕ್ರಮವನ್ನು ಬೆಳೆಸಿದ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ವಸ್ತುಪ್ರದರ್ಶನದಲ್ಲಿ ಹವಾಯಿ ಸಂಗೀತ ಕೇಳಿ ಅಮೇರಿಕದ ಜನ ಮರುಳಾದರು. ಎಲ್ಲರಿಗೂ ಆ ಗಿಟಾರ್ ಬೇಕು, ಅದು ಗಟ್ಟಿಯಾಗಿಯೂ ಕೇಳಬೇಕು.

ಜಾರ್ಜ್ ಬೋಶಾಂ ಎಂಬ ವಾದಕ ಈ ಕೆಲಸಕ್ಕೆ ಕೈ ಹಾಕಿದ. ಹತ್ತನೇ ತರಗತಿಯ ವಿಜ್ಞಾನ ಪಾಠ ನೆನಪಿದೆಯೇ? ಸುರುಳಿಯ ಹತ್ತಿರ ಆಯಸ್ಕಾಂತ ಕ್ಷೇತ್ರ ಬದಲಾದರೆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ ಇದನ್ನು 1831ರಲ್ಲಿ ತೋರಿಸಿದ್ದ. ನೂರು ವರ್ಷಗಳ ನಂತರ ಬೋಶಾಂ ಅದನ್ನೇ ಗಿಟಾರಿಗೆ ತಂದ. ಆಯಸ್ಕಾಂತಕ್ಕೆ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ, ಗಿಟಾರಿನ ಉಕ್ಕಿನ ತಂತಿಗಳ ಬಳಿ ಇಟ್ಟರೆ ಆಯಿತು. ತಂತಿ ಕಂಪಿಸಿದಂತೆ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಏರಿಳಿಯುತ್ತದೆ. ಅದನ್ನು ಆಂಪ್ಲಿಫೈಯರಿಗೆ ಕೊಟ್ಟರೆ ಸದ್ದು ಎಷ್ಟು ಬೇಕೋ ಅಷ್ಟು. ಈ ಸುರುಳಿಗೆ ಪಿಕಪ್ ಎಂದು ಹೆಸರು.

ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆ ಸೇರಿ ಅವನು 1932ರಲ್ಲಿ ಮಾರಾಟಕ್ಕೆ ತಂದ ಅಲ್ಯೂಮಿನಿಯಂ ವಾದ್ಯ ದುಂಡು ದೇಹ ಉದ್ದ ಹಿಡಿಯಿಂದ ಥೇಟ್ ಬಾಣಲೆಯ ಹಾಗೆಯೇ ಇತ್ತು. ಜನ ಅದನ್ನು ಕರೆದದ್ದೂ "ಕಾವಲಿ" ಎಂದೇ! ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1937ರಲ್ಲಿ.

ರೇಡಿಯೋ ರಿಪೇರಿಯವನ ಗಿಟಾರ್

ಆಮೇಲೆ ಗಿಬ್ಸನ್ ಕಂಪೆನಿ 1936ರಲ್ಲಿ ಟೊಳ್ಳು ಹೊಟ್ಟೆಯ ಗಿಟಾರಿಗೇ ಪಿಕಪ್ ಕೂರಿಸಿತು. ಅದನ್ನು ನುಡಿಸಿ ಹೆಸರಾದವನು ಚಾರ್ಲಿ ಕ್ರಿಶ್ಚಿಯನ್ ಎಂಬ ಕಪ್ಪು ಯುವಕ. 1939ರಲ್ಲಿ ಬೆನ್ನಿ ಗುಡ್‌ಮನ್ನನ ತಂಡ ಸೇರಿದ, 1942ರಲ್ಲಿ ಕ್ಷಯ ರೋಗದಿಂದ ತೀರಿಕೊಂಡ. ಆಗ ಅವನಿಗೆ ಬರೀ 25 ವರ್ಷ. ಅಷ್ಟು ಸಣ್ಣ ಅವಧಿಯಲ್ಲಿ ಅವನು ಗಿಟಾರನ್ನು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ತಂದು ನಿಲ್ಲಿಸಿದ.

ಆದರೆ ಟೊಳ್ಳು ಹೊಟ್ಟೆಗೆ ಒಂದು ಕಾಟ. ಸದ್ದು ಹೆಚ್ಚಿಸಿದರೆ ಆ ಸದ್ದಿಗೇ ಹೊಟ್ಟೆಯ ಹಲಗೆ ನಡುಗಿ, ಮತ್ತೆ ಪಿಕಪ್ಪಿಗೆ ಹೋಗಿ, 'ಕುಂಯ್' ಎಂದು ಕಿರಿಚುತ್ತದೆ. ಶಾಲಾ ವಾರ್ಷಿಕೋತ್ಸವದಲ್ಲಿ ಮೈಕ್ ಕಿರಿಚುವುದನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹೊಟ್ಟೆಯೇ ಇಲ್ಲದ, ಇಡೀ ಮರದ ದಿಮ್ಮಿಯಿಂದ ಮಾಡಿದ ಗಿಟಾರ್ ಇದಕ್ಕೆ ಮದ್ದು.

ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ಮಾರಿದವನು ಲಿಯೋ ಫೆಂಡರ್. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಎಂಬ ಊರಿನ ರೇಡಿಯೋ ರಿಪೇರಿಯವನು, ಗಿಟಾರ್ ನುಡಿಸಲು ಬಾರದವನು! (ಇದನ್ನು ಓದಿ ನನಗೂ ಸ್ವಲ್ಪ ಧೈರ್ಯ ಬಂತು.) ರಿಪೇರಿಯವನಾದ್ದರಿಂದ ಅವನ ಯೋಚನೆಯೂ ಹಾಗೆಯೇ. ಕುತ್ತಿಗೆ ಹಾಳಾದರೆ ನಾಲ್ಕು ಸ್ಕ್ರೂ ಬಿಚ್ಚಿ ಬೇರೆ ಹಾಕಬೇಕು, ಪಿಕಪ್ ಹೋದರೆ ಮುಚ್ಚಳ ತೆಗೆದು ಬದಲಿಸಬೇಕು. 1950ರಲ್ಲಿ ಬಂದ ಅವನ ಗಿಟಾರಿಗೆ ಮೊದಲು ಬ್ರಾಡ್‌ಕಾಸ್ಟರ್ ಎಂದು ಹೆಸರಿಟ್ಟ. ಇನ್ನೊಂದು ಕಂಪೆನಿಯ ಡೋಲಿಗೆ ಅದೇ ಉಚ್ಚಾರದ ಹೆಸರಿದ್ದುದರಿಂದ 1951ರಲ್ಲಿ ಟೆಲಿಕಾಸ್ಟರ್ ಎಂದಾಯಿತು. 1952ರಲ್ಲಿ ಗಿಬ್ಸನ್ನಿನ ಲೆಸ್ ಪಾಲ್, 1954ರಲ್ಲಿ ಫೆಂಡರಿನ ಸ್ಟ್ರಾಟೋಕಾಸ್ಟರ್ ಬಂದವು. ಇಂದಿಗೂ ಜಗತ್ತಿನ ಬಹುಪಾಲು ಎಲೆಕ್ಟ್ರಿಕ್ ಗಿಟಾರುಗಳು ಈ ಮೂರರ ಮಕ್ಕಳು ಮೊಮ್ಮಕ್ಕಳೇ.

ಮೇಪಲ್ ಹೋಗಿ ಕಪ್ಪು ಮರ ಬಂತು

ಈಗ ನಮ್ಮ ಅಜ್ಜನ ಬೆರಳು ಮುಟ್ಟಿದ ಜಾಗಕ್ಕೆ ಬರೋಣ. ಎಡಗೈ ಬೆರಳುಗಳು ಓಡಾಡುವ, ಲೋಹದ ಅಡ್ಡಗೆರೆಗಳಿರುವ ಹಲಗೆಗೆ ಬೆರಳುಹಲಗೆ ಎನ್ನೋಣ. ದಿನವೂ ಬೆವರು, ಉಗುರು, ಉಕ್ಕಿನ ತಂತಿಗಳ ಉಜ್ಜಾಟ ತಡೆಯುವ ಮರ ಅಲ್ಲಿ ಬೇಕು. ಫೆಂಡರ್ ಮೊದಲಿಗೆ ಕುತ್ತಿಗೆ, ಬೆರಳುಹಲಗೆ ಎರಡನ್ನೂ ಒಂದೇ ಬಿಳಿ ಮೇಪಲ್ ಮರದಿಂದ ಮಾಡಿ ಮೇಲೆ ಮೆರುಗೆಣ್ಣೆ ಬಳಿಯುತ್ತಿದ್ದ. ಮೆರುಗು ಸವೆದ ಕಡೆ ಬೆವರು ಇಳಿದು ಮರ ಕೊಳೆಯಾಗಿ ಕಾಣುತ್ತಿತ್ತು. ಟೀವಿಯಲ್ಲಿ ತನ್ನ ಗಿಟಾರುಗಳು ಹೀಗೆ ಕಾಣುವುದು ಲಿಯೋನಿಗೆ ಹಿಡಿಸಲಿಲ್ಲ ಎನ್ನುತ್ತಾರೆ. 1958ರಲ್ಲಿ ಬಂದ ಜಾಝ್‌ಮಾಸ್ಟರ್ ಎಂಬ ಮಾದರಿಗೆ ಅವನು ರೋಸ್‌ವುಡ್ ಹಾಕಿದ. 1959ರಲ್ಲಿ ಉಳಿದವಕ್ಕೂ ಅದೇ ಬಂತು. ಗಿಬ್ಸನ್ ಲೆಸ್ ಪಾಲಿಗೆ ಮೊದಲಿನಿಂದಲೂ ರೋಸ್‌ವುಡ್ಡೇ.

ಆದರೆ ಅದು ನಮ್ಮ ಬೀಟೆ ಅಲ್ಲ, ಬ್ರೆಜಿಲ್ ದೇಶದ ರೋಸ್‌ವುಡ್. ಸಸ್ಯಶಾಸ್ತ್ರದಲ್ಲಿ ಡಾಲ್ಬರ್ಜಿಯಾ ನೈಗ್ರಾ. ನಮ್ಮ ಬೀಟೆ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಎರಡೂ ದಾಯಾದಿಗಳು. ಇನ್ನೊಂದು ಸ್ವಾರಸ್ಯ, ಇವು ಅವರೆ, ತೊಗರಿಯ ಕುಟುಂಬಕ್ಕೇ ಸೇರಿದ ಮರಗಳು. ಬೀಟೆಯ ತೆಳ್ಳನೆಯ ಕೋಡನ್ನು ನೋಡಿದವರಿಗೆ ಇದು ಹೊಳೆಯುತ್ತದೆ.

ಬ್ರೆಜಿಲಿನ ಕಾಡು ಬರಿದಾಗುತ್ತ ಬಂತು. 1960ರ ದಶಕದ ಕೊನೆಗೆ ಅಲ್ಲಿಂದ ಒಳ್ಳೆಯ ದಿಮ್ಮಿ ಸಿಗುವುದೇ ಕಷ್ಟವಾಯಿತು. ಅಮೇರಿಕದ ಗಿಟಾರ್ ಕಂಪೆನಿಗಳು ಆಗ ತಿರುಗಿ ನೋಡಿದ್ದು ಭಾರತದ ಕಡೆಗೆ. ಅಂದರೆ ನಮ್ಮ ಪಶ್ಚಿಮ ಘಟ್ಟದ ಕಡೆಗೆ. ಕೊಡಗು, ವಯನಾಡು, ನೀಲಗಿರಿಯ ಎಲೆ ಉದುರುವ ಕಾಡುಗಳು ಮತ್ತು ಕಾಫಿ ತೋಟದ ನೆರಳಿನ ಮರಗಳು ಬೀಟೆಯ ತವರು. ಮಲಯಾಳದಲ್ಲಿ ಈಟ್ಟಿ, ವೀಟ್ಟಿ ಎನ್ನುವುದೂ ಇದನ್ನೇ. ಮೈಸೂರು ಅರಮನೆಯ ಅಂಬಾವಿಲಾಸದ ದಂತ ಕೂರಿಸಿದ ಬಾಗಿಲುಗಳನ್ನು ನೋಡಿದ್ದೀರಲ್ಲ, ಅದು ಬೀಟೆ. ಆ ಬಾಗಿಲಿನ ಮರವೇ ಫೆಂಡರ್, ಗಿಬ್ಸನ್, ಮಾರ್ಟಿನ್ ಗಿಟಾರುಗಳಿಗೂ ಹತ್ತಿತು. ಬ್ರೆಜಿಲಿನ ಮರವನ್ನು 1992ರಲ್ಲಿ ಅಂತಾರಾಷ್ಟ್ರೀಯ ವ್ಯಾಪಾರದಿಂದಲೇ ಹೊರಗಿಟ್ಟರು. ಬೀಟೆಯ ಮೇಲಿನ ಭಾರ ಇನ್ನೂ ಹೆಚ್ಚಾಯಿತು.

"ಹಳೆಯ ಮಾದರಿ" ಎಂದರೇನು?

ಹುಡುಗನ ಅಣ್ಣನ ಗಿಟಾರ್ 1962ರ ಮಾದರಿಯದು. ಆದರೆ ತಯಾರಾದದ್ದು ಅದಕ್ಕಿಂತ ನಲವತ್ತು ವರ್ಷ ಈಚೆಗೆ. ಇದೇನು ಗೊಂದಲ ಎಂದರೆ, 1965ರ ಜನವರಿಯಲ್ಲಿ ಲಿಯೋ ತನ್ನ ಕಂಪೆನಿಯನ್ನು ಸಿಬಿಎಸ್ ಎಂಬ ಪ್ರಸಾರ ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದ. ಆಮೇಲಿನ ವರ್ಷಗಳಲ್ಲಿ ಕೆಲಸದ ಗುಣಮಟ್ಟ ಇಳಿಯಿತೆಂದು ವಾದಕರು ಗೊಣಗತೊಡಗಿದರು. ಹಳೆಯವನ್ನೇ ಹುಡುಕಿಕೊಂಡು ಹೋದರು, ಬೆಲೆ ಏರಿತು. ಕೊನೆಗೆ ಕಂಪೆನಿಯೇ 1982ರಲ್ಲಿ ತನ್ನ 1950, 60ರ ದಶಕದ ಗಿಟಾರುಗಳನ್ನು ಅಳತೆ ಹಿಡಿದು ಮತ್ತೆ ಮಾಡತೊಡಗಿತು. ಅದೇ ತೆಳು ಮೆರುಗೆಣ್ಣೆ, ಅದೇ ಆಕಾರ, ಅದೇ ಕಪ್ಪು ಬೆರಳುಹಲಗೆ. ಒಂದೇ ವ್ಯತ್ಯಾಸ ನಮ್ಮ ಅಜ್ಜನ ಕೈಗೆ ಸಿಕ್ಕಿತು. 1962ರದ್ದರಲ್ಲಿ ಬ್ರೆಜಿಲಿನ ಮರ ಇತ್ತು, ಮರುಮಾದರಿಯಲ್ಲಿ ಬೀಟೆ!

ಮರದ ಲೆಕ್ಕ

ಈಗ ಹುಡುಗನ ಮೂಲ ಪ್ರಶ್ನೆ. ನಮ್ಮ ಮರ ನಮಗಿಲ್ಲ, ಅಮೇರಿಕಕ್ಕೆ ಹೇಗೆ ಹೋಯಿತು?

ಕೇರಳದಲ್ಲಿ 1964ರ ಭೂ ಮಂಜೂರಾತಿ ನಿಯಮಗಳ ಪ್ರಕಾರ ಪಟ್ಟೆ ಸಿಕ್ಕ ಜಾಗದಲ್ಲಿರುವ ತೇಗ, ಬೀಟೆ, ಕರಿಮರ, ಶ್ರೀಗಂಧಗಳು ಸರ್ಕಾರಕ್ಕೆ ಮೀಸಲು. ಜಾಗ ನಮ್ಮದು, ಮರ ನಮ್ಮದಲ್ಲ. ಸರ್ಕಾರಿ ಕಾಡಿನ ಮರ ಹರಾಜಾಗುತ್ತದೆ. ದಿಮ್ಮಿಯನ್ನು, ಒರಟಾಗಿ ಕೊಯ್ದ ಮರವನ್ನು ವಿದೇಶಕ್ಕೆ ಕಳಿಸುವಂತಿಲ್ಲ. ಇಲ್ಲಿಯ ಕೆಲಸಗಾರರ ಕೈಯಲ್ಲಿ ರೂಪ ಪಡೆದ ವಸ್ತುವಾದರೆ ಕಳಿಸಬಹುದು. ನಮ್ಮವರಿಗೆ ಕೆಲಸ ಸಿಗಲಿ ಎಂಬುದೂ ಇದರ ಹಿಂದಿದೆ. ಹಾಗಾದರೆ ಬೆರಳುಹಲಗೆಗೆಂದು ಕೊಯ್ದ ಪಟ್ಟಿ ಒರಟು ಮರವೋ, ವಾದ್ಯದ ಭಾಗವೋ?

ನಗಬೇಡಿ, ಈ ಪ್ರಶ್ನೆಗಾಗಿ 2011ರ ಆಗಸ್ಟಿನಲ್ಲಿ ಅಮೇರಿಕದ ಸರ್ಕಾರಿ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಯ ಮೇಲೆ ದಾಳಿ ಮಾಡಿದರು. ಬೇರೆ ದೇಶದ ಅರಣ್ಯ ಕಾನೂನು ಮುರಿದು ಬಂದ ಮರವನ್ನು ತಮ್ಮಲ್ಲಿ ಬಳಸುವುದೂ ಅಪರಾಧ ಎಂಬ ಕಾನೂನು ಅಲ್ಲಿದೆ. ವಶಪಡಿಸಿಕೊಂಡದ್ದು ಭಾರತದಿಂದ ಬಂದ ಬೀಟೆ ಮತ್ತು ಕರಿಮರದ ಪಟ್ಟಿಗಳನ್ನು. 2009ರಲ್ಲಿ ಮಡಗಾಸ್ಕರಿನ ಕರಿಮರಕ್ಕಾಗಿ ಇನ್ನೊಂದು ದಾಳಿ ನಡೆದಿತ್ತು. 2012ರಲ್ಲಿ ರಾಜಿಯಾಯಿತು. ಮಡಗಾಸ್ಕರಿನ ವಿಷಯದಲ್ಲಿ ಗಿಬ್ಸನ್ 3 ಲಕ್ಷ ಡಾಲರ್ ದಂಡ ಕಟ್ಟಿತು. ಭಾರತದ ಕಾನೂನು ಈ ಪಟ್ಟಿಗಳ ಬಗ್ಗೆ ಸ್ಪಷ್ಟವಾಗಿಲ್ಲ ಎಂದು ನಮ್ಮ ಮರವನ್ನು ಕಂಪೆನಿಗೆ ಹಿಂದಿರುಗಿಸಿದರು.

2017ರ ಜನವರಿ 2ರಿಂದ ಬೀಟೆಯೂ ಸೇರಿ ಡಾಲ್ಬರ್ಜಿಯಾ ಜಾತಿಯ ಎಲ್ಲ ಮರಗಳ ವ್ಯಾಪಾರಕ್ಕೆ ಅಂತಾರಾಷ್ಟ್ರೀಯ ಪರವಾನಗಿ ಕಡ್ಡಾಯವಾಯಿತು. ಫೆಂಡರ್ ತನ್ನ ಮೆಕ್ಸಿಕೋ ಕಾರ್ಖಾನೆಯ ಹಲವು ಗಿಟಾರುಗಳಿಗೆ ಬೀಟೆ ಬಿಟ್ಟು ದಕ್ಷಿಣ ಅಮೇರಿಕದ ಪಾವು ಫೆರೋ ಎಂಬ ಮರ ಹಾಕಿತು. 2019ರ ನವೆಂಬರಿನಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ದಿಮ್ಮಿಯ ಮೇಲಿನ ನಿರ್ಬಂಧ ಉಳಿಯಿತು. ಯಾಕೆಂದರೆ ಕಾಡನ್ನು ಖಾಲಿ ಮಾಡಿದ್ದರಲ್ಲಿ ಗಿಟಾರಿನ ಪಾಲು ಬಹಳ ಸಣ್ಣದು. ದೊಡ್ಡ ಪಾಲು ಶ್ರೀಮಂತರ ಪೀಠೋಪಕರಣಗಳದ್ದು.

ಇನ್ನೊಂದು ಸಂಗತಿ ನಮ್ಮ ರಾಜ್ಯದ್ದೇ. 2020ರ ಅಕ್ಟೋಬರಿನಲ್ಲಿ ಕೇರಳದ ಕಂದಾಯ ಇಲಾಖೆ, ಪಟ್ಟೆ ಜಾಗದಲ್ಲಿ ರೈತರು ನೆಟ್ಟ ಮತ್ತು ತಾನಾಗಿ ಬೆಳೆದ ಮರಗಳನ್ನು, ಶ್ರೀಗಂಧ ಒಂದನ್ನು ಬಿಟ್ಟು, ಕಡಿಯಬಹುದು ಎಂದು ಆದೇಶ ಹೊರಡಿಸಿತು. 2021ರ ಫೆಬ್ರವರಿಯಲ್ಲಿ ಆದೇಶ ಹಿಂದೆ ಪಡೆಯುವಷ್ಟರಲ್ಲಿ ವಯನಾಡಿನ ಮುಟ್ಟಿಲ್ ಎಂಬಲ್ಲಿ ಬೀಟೆ ಮರಗಳು ಸಾಲಾಗಿ ಉರುಳಿದ್ದವು. ಅವುಗಳಲ್ಲಿ ಕೆಲವು ಶತಮಾನಗಳಷ್ಟು ಹಳೆಯವು ಎಂದು ಪರೀಕ್ಷೆಯಿಂದ ತಿಳಿಯಿತು. ಜಾಗದ ಒಡೆಯರಲ್ಲಿ ಬುಡಕಟ್ಟಿನ ಬಡವರೂ ಇದ್ದರು. ಅವರ ಕೈಗೆ ಸಿಕ್ಕಿದ್ದು ಪುಡಿಗಾಸು, ಮೇಲೆ ಪೊಲೀಸು ಕೇಸಿನ ಭಯ.

ಇದನ್ನೆಲ್ಲ ಅಜ್ಜನ ಜಗಲಿಯಲ್ಲಿ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ ಮಾತು ನನ್ನನ್ನು ಈಗಲೂ ಕಾಡುತ್ತದೆ. "ಮಾಷ್ಟ್ರೇ, ತೋಟದಲ್ಲಿ ಬೀಟೆಯ ಸಸಿ ಎದ್ದರೆ ನಾನೇ ಕಿತ್ತು ಬಿಸಾಡಿದ್ದೇನೆ. ದೊಡ್ಡದಾದರೆ ನಮಗೆ ಉಪಯೋಗವಿಲ್ಲ, ತೊಂದರೆ ಮಾತ್ರ." ಜೀವಮಾನವಿಡೀ ಆ ಮರವನ್ನು ಪ್ರೀತಿಸಿದ ಕೈಯೇ ಅದರ ಸಸಿಯನ್ನು ಕಿತ್ತಿತ್ತು. ಮರ ಉಳಿಸಲು ಮಾಡಿದ ನಿಯಮ ಸಸಿಯನ್ನು ಉಳಿಸಲಿಲ್ಲ. ಪಾಠಪುಸ್ತಕದ ಪರಿಸರ ಪಾಠದಲ್ಲಿ ಇದು ಬರುವುದಿಲ್ಲ.

ಇರುವುದನ್ನು ಕಾಪಾಡುವುದು

ಅಂದ ಮೇಲೆ, ಕಡಿದು ಗಿಟಾರಾಗಿ ಬಂದದ್ದನ್ನಾದರೂ ನೂರು ವರ್ಷ ಬಾಳುವಂತೆ ನೋಡಿಕೊಳ್ಳಬೇಡವೇ? ನಮ್ಮ ಕರಾವಳಿಯ ಹವೆಗೆ ತಕ್ಕಂತೆ ಕೆಲವು ಮಾತು. ಮಳೆಗಾಲದಲ್ಲಿ ಮದ್ದಳೆ, ಚೆಂಡೆಗಳನ್ನು ಕಾಪಾಡಿ ಗೊತ್ತಿರುವ ಮನೆಯವರಿಗೆ ಇದು ಕಷ್ಟವಲ್ಲ.

ನುಡಿಸಿದ ಮೇಲೆ ಪ್ರತಿ ಸಲ ಒಣ ಹತ್ತಿ ಬಟ್ಟೆಯಿಂದ ತಂತಿಗಳನ್ನೂ ಮೈಯನ್ನೂ ಒರೆಸಿ. ಬೆವರಿನ ಉಪ್ಪು, ಕಡಲ ಗಾಳಿ ಸೇರಿದರೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ತಂತಿ ಅಡ್ಡಗೆರೆಗಳನ್ನು ಅರದಂತೆ ತಿನ್ನುತ್ತದೆ.

ಬೀಟೆಯ ಬೆರಳುಹಲಗೆಗೆ ಮೆರುಗೆಣ್ಣೆ ಇರುವುದಿಲ್ಲ. ವರ್ಷಕ್ಕೆ ಒಂದೆರಡು ಸಲ ತಂತಿ ತೆಗೆದಾಗ, ಅದಕ್ಕೆಂದೇ ಸಿಗುವ ಖನಿಜ ಎಣ್ಣೆಯ ನಾಲ್ಕು ಹನಿ ಬಟ್ಟೆಗೆ ಹಾಕಿ ತಿಕ್ಕಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ತೆಂಗಿನೆಣ್ಣೆ ಬೇಡ. ಅದು ಕಮಟು ಹಿಡಿದು ಅಂಟಂಟಾಗುತ್ತದೆ, ಧೂಳು ಕೂರುತ್ತದೆ. ಬಿಳಿ ಮೇಪಲ್ ಹಲಗೆಗೆ ಮೆರುಗು ಇರುವುದರಿಂದ ಯಾವ ಎಣ್ಣೆಯೂ ಬೇಕಿಲ್ಲ.

ಹಳೆಯ ಮಾದರಿಯ ತೆಳು ಮೆರುಗೆಣ್ಣೆ ನೈಟ್ರೋಸೆಲ್ಯುಲೋಸ್. ಇದು ಬಹಳ ಸೂಕ್ಷ್ಮ. ರಬ್ಬರ್ ಹಚ್ಚಿದ ಸ್ಟ್ಯಾಂಡಿನಲ್ಲಿ, ಗೋಡೆಯ ಕೊಕ್ಕೆಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ರಬ್ಬರ್ ತಾಗಿದ ಕಡೆ ಮೆರುಗು ಕರಗಿ ಅಂಟುತ್ತದೆ. ನಡುವೆ ಹತ್ತಿ ಬಟ್ಟೆ ಸುತ್ತಿ. ಸ್ಪಿರಿಟ್, ಥಿನ್ನರ್, ಸ್ಯಾನಿಟೈಸರ್ ತಾಗಿಸಲೇಬೇಡಿ. ಆಯುಧ ಪೂಜೆಯ ದಿನ ಆ ಮನೆಯ ಅಜ್ಜಿ ಭಕ್ತಿಯಿಂದ ಗಿಟಾರಿನ ಎದೆಗೇ ಒದ್ದೆ ಕುಂಕುಮ ಇಟ್ಟಿದ್ದರು. ಕಲೆ ಇನ್ನೂ ಹೋಗಿಲ್ಲ. ಪೂಜೆ ಮಾಡಿ, ಕುಂಕುಮವನ್ನು ಪೆಟ್ಟಿಗೆಗೆ ಇಡಿ.

ಮರ ತೇವಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಗಲ್ಫಿನ ಏಸಿ ಕೋಣೆಯಲ್ಲಿ ಬೆರಳುಹಲಗೆ ಕುಗ್ಗಿ ಲೋಹದ ಅಡ್ಡಗೆರೆಗಳ ತುದಿ ಕೈಗೆ ಚುಚ್ಚುತ್ತಿತ್ತಂತೆ. ಊರಿನ ಮಳೆಗಾಲದಲ್ಲಿ ಅದು ತಾನಾಗಿ ನಿಂತಿತು! ಗಾಳಿಯ ತೇವಾಂಶ ನೂರಕ್ಕೆ 45ರಿಂದ 55 ಇದ್ದರೆ ಒಳ್ಳೆಯದು. ನಮ್ಮಲ್ಲಿ ಜೂನ್ ತಿಂಗಳಿನಲ್ಲಿ ಅದು ಕನಸು. ಹಾಗಾಗಿ ಗಿಟಾರನ್ನು ಪೆಟ್ಟಿಗೆಯಲ್ಲಿಡಿ, ಜೊತೆಗೆ ಸಿಲಿಕಾ ಜೆಲ್ ಚೀಲಗಳಿರಲಿ, ಅವನ್ನು ಆಗಾಗ ಒಣಗಿಸಿ. ಪೆಟ್ಟಿಗೆ ನೆಲಕ್ಕೂ ಹೊರಗೋಡೆಗೂ ತಾಗಬಾರದು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬಾರದು.

ಕುತ್ತಿಗೆಯ ಒಳಗೆ ಒಂದು ಉಕ್ಕಿನ ಸರಳು ಇದೆ, ತಂತಿಗಳ ಎಳೆತಕ್ಕೆ ಕುತ್ತಿಗೆ ಬಾಗದಂತೆ ಅದು ತಡೆಯುತ್ತದೆ. ಇಂಥ ಗಿಟಾರಿನಲ್ಲಿ ಅದರ ತಿರುಪು ಕುತ್ತಿಗೆಯ ಬುಡದಲ್ಲಿ ಅಡಗಿರುತ್ತದೆ. ತಿರುಗಿಸುವುದಾದರೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಬಾರದಿದ್ದರೆ ಬಲ್ಲವರ ಕೈಗೆ ಕೊಡಿ.

ಟ್ಯೂಬ್‌ಲೈಟ್ ಹಾಕಿದರೆ 'ಹೂಂ' ಎಂಬ ಗುನುಗು ಬರುತ್ತದೆ. ಗಿಟಾರ್ ಕೆಟ್ಟಿಲ್ಲ, ಒಂಟಿ ಸುರುಳಿಯ ಪಿಕಪ್ ಸುತ್ತಲಿನ ವಿದ್ಯುತ್ತನ್ನೂ ಕೇಳಿಸಿಕೊಳ್ಳುತ್ತದೆ. ಗಿಬ್ಸನ್ನಿನ ಸೇತ್ ಲವರ್ ಎರಡು ಸುರುಳಿಗಳನ್ನು ಎದುರುಬದುರು ಜೋಡಿಸಿ ಇದಕ್ಕೆ ಮದ್ದು ಕಂಡುಹಿಡಿದ, 1957ರಿಂದ ಅದು ಗಿಬ್ಸನ್ ಗಿಟಾರುಗಳಿಗೆ ಬಂತು. ಆದರೆ ಆಂಪ್ಲಿಫೈಯರಿಗೆ ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗೇ ಇರಲಿ. ಅರ್ಥಿಂಗ್ ಇಲ್ಲದಿದ್ದರೆ ತಂತಿ ಹಿಡಿದ ಕೈಗೇ ಶಾಕ್ ಹೊಡೆದೀತು. ವಾಲ್ವ್ ಆಂಪ್ಲಿಫೈಯರನ್ನು ಬಿಚ್ಚಬೇಡಿ. ಸ್ವಿಚ್ ತೆಗೆದ ಮೇಲೂ ಅದರೊಳಗೆ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರುತ್ತದೆ.

ಕೊನೆಗೆ

ಫೆಬ್ರವರಿಯಲ್ಲಿ ಹುಡುಗ ಮತ್ತೆ ಬಂದ. ಕೈಯಲ್ಲಿ ಒಂದು ಹಿಡಿ ಒಣ ಕೋಡುಗಳು. ತೋಟದ ಬೀಟೆಯ ಬುಡದಿಂದ ಅಜ್ಜ ಹೆಕ್ಕಿ ಕೊಟ್ಟದ್ದಂತೆ. ಮಕ್ಕಳೆಲ್ಲ ಸೇರಿ ಹಾಲಿನ ಪ್ಲಾಸ್ಟಿಕ್ ಚೀಲಗಳಲ್ಲಿ ಮಣ್ಣು ತುಂಬಿ ಬಿತ್ತಿದೆವು. ಕೆಲವು ಮೊಳೆತವು. ಮಳೆ ಹಿಡಿದ ಮೇಲೆ ಎರಡನ್ನು ಆಟದ ಬಯಲಿನ ಅಂಚಿಗೆ ನೆಟ್ಟು ಬೇಲಿ ಕಟ್ಟಿದ್ದೇವೆ.

"ಸರ್, ಇದು ದೊಡ್ಡದಾದ್ರೆ ಯಾರದ್ದು?" ಎಂದು ಒಬ್ಬಳು ಕೇಳಿದಳು. ನಮ್ಮದು ಸರ್ಕಾರಿ ಶಾಲೆ, ಹಾಗಾಗಿ ಆ ಜಗಳ ಇಲ್ಲಿಲ್ಲ ಎಂದೆ. ಮಕ್ಕಳು ನಕ್ಕರು. ಬೀಟೆ ನಿಧಾನವಾಗಿ ಬೆಳೆಯುವ ಮರ. ಅದರ ನೆರಳಿನಲ್ಲಿ ಕೂರುವ ಹೊತ್ತಿಗೆ ನಾನು ನಿವೃತ್ತನಾಗಿ ಎಷ್ಟೋ ವರ್ಷಗಳಾಗಿರುತ್ತವೆ. ಆಗಲೂ ಈ ಶಾಲೆಯಲ್ಲಿ ಕನ್ನಡದಲ್ಲಿ ಪಾಠ ನಡೆಯುತ್ತಿರಲಿ, ಆ ಮರದ ಹೆಸರನ್ನು ಮಕ್ಕಳು ಬೀಟೆ ಎಂದೇ ಹೇಳಲಿ.

ನಿಮ್ಮ ಊರಿನಲ್ಲಿ, ಶಾಲೆಯ ಅಂಗಳದಲ್ಲಿ ಬೀಟೆ ಮರ ಇದೆಯೇ? ಇದ್ದರೆ ಬರೆದು ತಿಳಿಸಿ. ಕೋಡು ಬೇಕಿದ್ದವರೂ ತಿಳಿಸಿ, ಅಜ್ಜ ಇನ್ನೊಂದು ಹಿಡಿ ತೆಗೆದಿಟ್ಟಿದ್ದಾರೆ.